ಅವ್ವನ ಕೋಣೆಗೆ ಬಣ್ಣ: ಕೆಂಪು ನೆಲ, ನೀಲಿ ಬೆರೆತ ಬಿಳಿ

ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಪಶ್ಚಿಮದ ಕೋಣೆ ಅವ್ವನದು. ಈ ಬೇಸಿಗೆಯಲ್ಲಿ ಅದಕ್ಕೆ ಬಣ್ಣ ಹಚ್ಚಿ ಮುಗಿಸಲು 19 ದಿನ ಹಿಡಿಯಿತು. ಗೋಡೆ ಕೆರೆದು ಹದಕ್ಕೆ ತರಲು ಐದು ದಿನ, ಹಚ್ಚಲು ನಾಲ್ಕು ದಿನ. ಉಳಿದ ಹತ್ತು ದಿನ ಯಾವ ಬಣ್ಣ ಎಂದು ಗೊತ್ತುಮಾಡುವುದಕ್ಕೇ ಹೋದವು. ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಆರಿಸಿದ್ದ ಬಣ್ಣವನ್ನೇ ಹಚ್ಚಿಸಿದ್ದರೆ ಅವ್ವ ದಿನಾ ಸಂಜೆ ಕೆಸರಿನಂಥ ಗೋಡೆಗಳ ನಡುವೆ ಕೂರಬೇಕಾಗುತ್ತಿತ್ತು. ಅದನ್ನು ತಪ್ಪಿಸಿದ್ದು ಒಂದು ಬಿಳಿ ಚಾದರ ಮತ್ತು ಅವ್ವನದೇ ಒಂದು ಮಾತು.

ಕೋಣೆ 12 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ಪಶ್ಚಿಮಕ್ಕೆ ದೊಡ್ಡ ಕಿಟಕಿ, ಉತ್ತರಕ್ಕೆ ಸಣ್ಣದು, ದಕ್ಷಿಣಕ್ಕೆ ಬಾಗಿಲು. ಪೂರ್ವದ ಗೋಡೆಯಲ್ಲಿ ಏನೂ ಇಲ್ಲ. ಅವ್ವ ಚಾಪೆ ಹಾಸಿಕೊಂಡು ಅದಕ್ಕೆ ಒರಗಿ ಕೂರುತ್ತಾಳೆ. ನೆಲಕ್ಕೆ ಹೊಳಪು ಕೊಟ್ಟ ಇಳಕಲ್ಲಿನ ಕೆಂಪು ಗ್ರಾನೈಟ್. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಮನೆ ಹೋಗಿ, ನಾವು ನವನಗರಕ್ಕೆ ಬಂದು ಈ ಮನೆ ಕಟ್ಟಿಸಿದಾಗ ಅಪ್ಪ ತಾವೇ ಇಳಕಲ್ಲಿಗೆ ಹೋಗಿ ಆರಿಸಿ ತಂದ ಕಲ್ಲು ಅದು. ಅಪ್ಪ ಈಗಿಲ್ಲ. ನೆಲ ಬದಲಿಸುವ ಮಾತನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ.

ಬಣ್ಣದ ಮಾತು ಎದ್ದದ್ದು ಅವ್ವನ ಕಣ್ಣಿನಿಂದ. ಜನವರಿಯಲ್ಲಿ ಬಲಗಣ್ಣಿನ ಪೊರೆ ತೆಗೆಸಿದೆವು. ಮನೆಗೆ ಬಂದ ಎರಡನೆಯ ದಿನ ಅವಳು ಗೋಡೆಯನ್ನೇ ನೋಡುತ್ತ ಕೂತಿದ್ದಳು. "ಈ ಗೋಡೆ ಇಷ್ಟು ಮಾಸಿತ್ತೇನವ್ವಾ? ನನಗೆ ಯಾರೂ ಹೇಳಲೇ ಇಲ್ಲ" ಎಂದಳು. ಅದು ಹನ್ನೊಂದು ವರ್ಷ ಹಿಂದೆ ಹಚ್ಚಿದ ಹಳದಿ ಡಿಸ್ಟೆಂಪರ್. ಅವಳು ಒರಗುವ ಜಾಗದಲ್ಲಿ ತಲೆಯ ಎಣ್ಣೆ ಇಳಿದು ಗಡಿಗೆಯ ತಳದಷ್ಟು ದೊಡ್ಡ ಕಪ್ಪು ಕಲೆ. ಪೊರೆ ಬೆಳೆದ ಕಣ್ಣಿನ ಮಸೂರ ವಯಸ್ಸಾದಂತೆ ಹಳದಿಗೆ ತಿರುಗುತ್ತದೆ, ನೀಲಿ ಬೆಳಕನ್ನು ಒಳಗೆ ಬಿಡುವುದು ಕಡಿಮೆ. ಕೃತಕ ಮಸೂರ ಕೂರಿಸಿದ ಮೇಲೆ ಆ ನೀಲಿ ಒಮ್ಮೆಲೇ ಮರಳಿ ಬರುತ್ತದೆ. ಎಡಗಣ್ಣಿನ ಪೊರೆ ಇನ್ನೂ ಹಾಗೇ ಇದ್ದುದರಿಂದ ಅವ್ವನಿಗೆ ಒಂದೇ ಗೋಡೆ ಎರಡು ಬಣ್ಣವಾಗಿತ್ತು. ಒಂದು ಕಣ್ಣು ಮುಚ್ಚಿ ನೋಡುವುದು, ಇನ್ನೊಂದು ಮುಚ್ಚಿ ನೋಡುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

ಏಪ್ರಿಲ್ ಮೊದಲ ವಾರದಲ್ಲಿ ಶೇಡ್ ಕಾರ್ಡ್ ನೋಡಲು ಪೇಟೆಗೆ ಹೋದೆ. ಅಂಗಡಿಯ ಬಿಳಿ ಟ್ಯೂಬ್‌ಲೈಟಿನ ಕೆಳಗೆ ಒಂದು ತಿಳಿ ಹಸಿರು ಎಷ್ಟು ಹಿತವಾಗಿ ಕಂಡಿತೆಂದರೆ ಬೇರೆ ಪುಟ ತಿರುವಲಿಲ್ಲ. ಎಳೆಯ ಸೌತೆಕಾಯಿಯ ತಿರುಳಿನ ಹಸಿರು. 200 ಮಿಲಿಯ ಸ್ಯಾಂಪಲ್ ಡಬ್ಬಿ ತಂದು ಹಳೆಯ ಹಳದಿ ಗೋಡೆಯ ಮೇಲೆ ಎರಡು ಅಡಿ ಚೌಕ ಹಚ್ಚಿದೆ. ಇನ್ನೂ ಚೆನ್ನಾಗಿ ಕಂಡಿತು. ಅಲ್ಲಿಗೇ ತೀರ್ಮಾನವಾಯಿತೆಂದುಕೊಂಡು ಗೋಡೆಯ ಕೆಲಸ ಶುರು ಮಾಡಿಸಿದೆ.

ಗೋಡೆಯ ಕೆಲಸದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಅದು ಎಲ್ಲ ಮನೆಗೂ ಒಂದೇ. ಡಿಸ್ಟೆಂಪರ್ ಮೇಲೆ ಅಂಗೈ ಸವರಿದರೆ ಪುಡಿ ಅಂಟುತ್ತಿತ್ತು. ಅಂಥ ಗೋಡೆಯ ಮೇಲೆ ಎಮಲ್ಷನ್ ಹಚ್ಚಿದರೆ ವರ್ಷದೊಳಗೆ ಸಿಪ್ಪೆ ಏಳುತ್ತದೆ. ಆದ್ದರಿಂದ ನೀರು ಚಿಮುಕಿಸಿ ಪೂರ್ತಿ ಕೆರೆಸಿದೆವು. ಎಣ್ಣೆಯ ಕಲೆಯನ್ನು ಸೋಡಾ ಕಲಸಿದ ಬಿಸಿನೀರಿನಿಂದ ಎರಡು ಸಲ ತಿಕ್ಕಿದೆವು. ಕಿಟಕಿಯ ಕೆಳಗೆ ಗಿಲಾವು ಉಪ್ಪು ಬಿಟ್ಟು ಉಬ್ಬಿತ್ತು. ಅದಕ್ಕೆ ಕಾರಣ ಒಳಗಿರಲಿಲ್ಲ. ಹೊರಗೆ ಸಜ್ಜಾ ಮತ್ತು ಗೋಡೆ ಕೂಡುವಲ್ಲಿ ಕೂದಲೆಳೆಯ ಬಿರುಕಿತ್ತು. ಮೊದಲು ಅದನ್ನು ಮುಚ್ಚಿಸಿ, ಆಮೇಲೆ ಒಳಗಿನ ಸಡಿಲ ಗಿಲಾವು ಕೆತ್ತಿ ಹೊಸದು ಹಾಕಿಸಿದೆವು. ಬಿಳಿ ಸಿಮೆಂಟಿನ ಪುಟ್ಟಿ ಎರಡು ಕೈ. ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಗೋಡೆ ಒಣಗಿ ಬಾಯಾರಿರುತ್ತದೆ. ನೀರು ಸಿಂಪಡಿಸದೆ ಪುಟ್ಟಿ ಎಳೆದರೆ ಗೋಡೆಯೇ ನೀರನ್ನು ಹೀರಿ ಪುಟ್ಟಿ ಪುಡಿಯಾಗುತ್ತದೆ. ಉಜ್ಜುವಾಗ ಏಳುವ ದೂಳು ಕಣ್ಣಿಗೆ ಕೆಟ್ಟದ್ದು, ಅದಕ್ಕೇ ಆ ಎರಡು ದಿನ ಅವ್ವನನ್ನು ಅಕ್ಕನ ಮನೆಗೆ ಕಳುಹಿಸಿದ್ದೆ. ಕೊನೆಗೆ ಒಂದು ಕೈ ಬಿಳಿ ಪ್ರೈಮರ್.

ಪ್ರೈಮರ್ ಒಣಗಿದ ದಿನವೇ ಹಸಿರಿನ ಗುಟ್ಟು ಹೊರಬಿತ್ತು. ಬಿಳಿ ಗೋಡೆಯ ಮೇಲೆ ಅದೇ ಡಬ್ಬಿಯ ಹಸಿರು ಅರ್ಧದಷ್ಟೂ ಚೆಂದ ಕಾಣಲಿಲ್ಲ. ಹಿಂದೆ ಸುತ್ತಲೂ ಇದ್ದ ಮಾಸಿದ ಹಳದಿಯೇ ಅದನ್ನು ತಾಜಾ ಮಾಡಿ ತೋರಿಸಿತ್ತು. ಹಳೆಯ ಬಣ್ಣದ ಗೋಡೆಯ ಮೇಲೆ ಹೊಸ ಬಣ್ಣವನ್ನು ಎಂದೂ ಪರೀಕ್ಷಿಸಬಾರದು: ಕಣ್ಣು ಬಣ್ಣವನ್ನು ಪಕ್ಕದ ಬಣ್ಣದ ಜೊತೆ ಇಟ್ಟೇ ಅಳೆಯುತ್ತದೆ. ಆದರೂ ಬೆಳಗಿನ ಹೊತ್ತು ಅದು ಒಪ್ಪುವಂತೆಯೇ ಇತ್ತು. ಸಂಜೆ ಐದೂವರೆಗೆ ಚಹಾ ಹಿಡಿದು ಕೋಣೆಗೆ ಹೋದಾಗ ಬಾಗಿಲಲ್ಲೇ ನಿಂತೆ. ಗೋಡೆಯ ಮೇಲಿದ್ದದ್ದು ಹಸಿರೇ ಅಲ್ಲ. ಕಂದೂ ಅಲ್ಲದ ಬೂದಿಯೂ ಅಲ್ಲದ, ಕೆರೆಯ ಅಂಚಿನ ಕೆಸರಿನ ಬಣ್ಣ.

ಬಣ್ಣ ಕೆಟ್ಟಿದೆಯೇ, ಪುಟ್ಟಿಯ ಕ್ಷಾರ ಏನಾದರೂ ಮಾಡಿತೇ ಎಂದು ಚಿಂತೆ ಹತ್ತಿತು. ಪೇಂಟರ್ ಕಾಕಾ ಸಂಜೆಯ ಕೂಲಿ ಎಣಿಸಿಕೊಂಡು ಹೊರಟಿದ್ದವರು ಮರಳಿ ಬಂದು ನೋಡಿದರು. "ತಂಗಿ, ಬೆಳಗ್ಗೆ ಸರಿ ಇತ್ತು ಅಂದ ಮೇಲೆ ಡಬ್ಬಿಯದು ತಪ್ಪಲ್ಲ. ಬೆಳಕಿನದು ಏನೋ ಇದೆ" ಎಂದರು. ಮರುದಿನ ಸಂಜೆ ಅದೇ ಹೊತ್ತಿಗೆ ಒಂದು ದೊಡ್ಡ ಬಿಳಿ ಡ್ರಾಯಿಂಗ್ ಶೀಟ್ ತಂದು ಗೋಡೆಗೆ ಹಿಡಿದೆವು. ಬಿಳಿ ಹಾಳೆಯ ಕೆಳಗಿನ ಭಾಗ ಗುಲಾಬಿಯಾಗಿತ್ತು, ಮೇಲೆ ಹೋದಂತೆ ಬಿಳಿ. ಬಿಸಿಲು ಕಿಟಕಿಯಿಂದ ಇಳಿದು ಕೆಂಪು ಗ್ರಾನೈಟಿನ ಮೇಲೆ ಬಿದ್ದು, ಅಲ್ಲಿಂದ ಕೆಂಪಾಗಿ ಪುಟಿದು ಗೋಡೆ ಹತ್ತುತ್ತಿತ್ತು. ಹಾಸಿಗೆಯ ಮೇಲಿದ್ದ ಬಿಳಿ ಚಾದರವನ್ನು ಎಳೆದು ಬಿಸಿಲು ಬಿದ್ದಷ್ಟೂ ನೆಲದ ಮೇಲೆ ಹಾಸಿದೆ. ಗೋಡೆಯ ಹಸಿರು ಅರೆಗಳಿಗೆಯಲ್ಲಿ ಮರಳಿ ಹಸಿರಾಯಿತು. ಚಾದರ ಎತ್ತಿದರೆ ಕೆಸರು, ಹಾಸಿದರೆ ಹಸಿರು. ನಾಲ್ಕು ಸಲ ಎತ್ತಿ ಹಾಸಿ ನೋಡಿದೆವು. ಕಾಕಾ ತಾವೇ ಒಂದು ಸಲ ಎತ್ತಿದರು.

ಮೂವತ್ತು ವರ್ಷದಿಂದ ಬಣ್ಣ ಹಚ್ಚುವ ಅವರಿಗೂ ಅದು ಹೊಸದಾಗಿತ್ತು. ಶೇಡ್ ಕಾರ್ಡ್ ನೋಡುವಾಗ ನಾವು ಪರದೆ ನೋಡುತ್ತೇವೆ, ಕಪಾಟು ನೋಡುತ್ತೇವೆ, ಕಾಲ ಕೆಳಗಿನ ನೆಲವನ್ನು ಮಾತ್ರ ನೋಡುವುದಿಲ್ಲ. ಕೋಣೆಯೊಳಗೆ ಎಲ್ಲಕ್ಕಿಂತ ಹೆಚ್ಚು ಬಿಸಿಲು ಬೀಳುವುದು ಅಲ್ಲೇ. ಹಸಿರು ಗೋಡೆ ಹಸಿರಾಗಿ ಕಾಣಬೇಕಾದರೆ ಅದರ ಮೇಲೆ ಬೀಳುವ ಬೆಳಕಿನಲ್ಲಿ ಹಸಿರಿನ ಪಾಲು ಇರಬೇಕು. ಇಳಿಬಿಸಿಲು ಮೊದಲೇ ಕಿತ್ತಳೆಯ ಕಡೆಗಿರುತ್ತದೆ. ಕೆಂಪು ಕಲ್ಲು ಅದರಲ್ಲಿದ್ದ ಹಸಿರನ್ನೂ ನೀಲಿಯನ್ನೂ ನುಂಗಿ ಉಳಿದದ್ದನ್ನು ಗೋಡೆಗೆ ಕೊಡುತ್ತದೆ.

ಅಪ್ಪನ ನೆಲ ಇದ್ದಲ್ಲೇ ಇರಬೇಕು, ಜಮಖಾನೆ ಹಾಸಿ ಮುಚ್ಚುವುದೂ ಬೇಡ, ಅವ್ವನ ಕಾಲು ತೊಡರುತ್ತದೆ. ಹಾಗಾದರೆ ಆ ನೆಲಕ್ಕೆ ಹೊಂದುವ ಗೋಡೆಯನ್ನೇ ಹುಡುಕಬೇಕು. ಅಷ್ಟರಲ್ಲಿ ಅವ್ವ ಮರಳಿ ಬಂದಿದ್ದಳು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ನಮ್ಮ ಚಾದರದ ಆಟವನ್ನೆಲ್ಲ ನೋಡಿದಳು. ಎಡಗಣ್ಣು ಮುಚ್ಚಿ ಒಮ್ಮೆ, ಬಲಗಣ್ಣು ಮುಚ್ಚಿ ಒಮ್ಮೆ. ಆಮೇಲೆ, "ಇದಕ್ಕೆ ನೀಲಿ ಹಾಕಬೇಕು" ಎಂದಳು.

ಅವಳು ಹೇಳಿದ್ದು ಬಟ್ಟೆಗೆ ಹಾಕುವ ನೀಲಿ. ಹಳೆಯ ಊರಿನ ಮನೆಗೆ ಪ್ರತಿ ವರ್ಷ ದೀಪಾವಳಿಗೆ ಮುಂಚೆ ಸುಣ್ಣ ಬಳಿಯುತ್ತಿದ್ದರು. ಸುಣ್ಣದ ಹರಳನ್ನು ಹಿಂದಿನ ರಾತ್ರಿಯೇ ದೊಡ್ಡ ಮಡಕೆಯಲ್ಲಿ ನೀರು ಹಾಕಿ ಕುದಿಸಲು ಬಿಡುವುದು, ಬೆಳಗ್ಗೆ ತೆಳು ಬಟ್ಟೆಯಲ್ಲಿ ಸೋಸುವುದು, ಬೇರೆ ಬಟ್ಟಲಿನಲ್ಲಿ ಕರಗಿಸಿದ ನೀಲಿಯನ್ನು ಅದಕ್ಕೆ ಸ್ವಲ್ಪ ಸ್ವಲ್ಪವೇ ಸೇರಿಸುವುದು. ಆ ಕೆಲಸ ಅವ್ವನದಾಗಿತ್ತಂತೆ, ಅವಳ ಅತ್ತೆ ಬೇರೆ ಯಾರ ಕೈಗೂ ನೀಲಿ ಕೊಡುತ್ತಿರಲಿಲ್ಲವಂತೆ. ಹೆಚ್ಚಾದರೆ ಗೋಡೆ ನೀಲಿಯಾಗುತ್ತದೆ, ಕಡಿಮೆಯಾದರೆ ಸುಣ್ಣ ಹಳದಿ ಹೊಡೆಯುತ್ತದೆ. ಹದ ಸಿಕ್ಕರೆ ನೀಲಿ ಕಾಣುವುದೇ ಇಲ್ಲ, ಬಿಳಿ ಮಾತ್ರ ಕಾಣುತ್ತದೆ. ಆ ನೀಲಿ ಅಲ್ಟ್ರಾಮರೀನ್ ಎಂಬ ವರ್ಣದ್ರವ್ಯ. ಸುಣ್ಣದಂಥ ಕಟು ಕ್ಷಾರದಲ್ಲೂ ಅದು ಕೆಡುವುದಿಲ್ಲ. ಹಳದಿಯನ್ನು ನೀಲಿಯಿಂದ ಅಳಿಸುವುದು ಅವ್ವನಿಗೆ ಕೈಯಿಂದ ಗೊತ್ತಿದ್ದ ಸಂಗತಿ. ನಮ್ಮ ಗೋಡೆಯ ಮೇಲಿನ ಸಂಜೆಯ ಬೆಳಕು ಕಿತ್ತಳೆ. ಕಿತ್ತಳೆಗೆ ಎದುರು ನಿಲ್ಲುವ ಬಣ್ಣವೂ ನೀಲಿಯೇ. ಹಸಿರಿನ ಮೇಲೆ ಕಿತ್ತಳೆ ಬಿದ್ದರೆ ಕೊಳೆ ಹಳದಿ ಬರುತ್ತದೆ, ತೆಳು ನೀಲಿಯ ಮೇಲೆ ಬಿದ್ದರೆ ಎರಡೂ ಒಂದನ್ನೊಂದು ಕಳೆದು ಬಿಳಿಯ ಹತ್ತಿರ ಬಂದು ನಿಲ್ಲಬೇಕು.

ನಿಲ್ಲುತ್ತದೆಯೇ ಎಂದು ನೋಡುವುದಕ್ಕೆ ಉಳಿದ ದಿನಗಳು ಹೋದವು. ಈ ಸಲ ಗೋಡೆಯ ಮೇಲೆ ಹಚ್ಚಲಿಲ್ಲ. ದಪ್ಪ ಡ್ರಾಯಿಂಗ್ ಶೀಟುಗಳಿಗೆ ಅಂಚಿನಲ್ಲಿ ಎರಡು ಬೆರಳು ಬಿಳಿ ಬಿಟ್ಟು ಎರಡೆರಡು ಕೈ ಹಚ್ಚಿ ಒಣಗಿಸಿದೆ. ಎಮಲ್ಷನ್ ಹಸಿಯಿದ್ದಾಗ ತಿಳಿಯಾಗಿ ಕಂಡು ಒಣಗಿದ ಮೇಲೆ ಒಂದು ಮೆಟ್ಟಿಲು ಗಾಢವಾಗುತ್ತದೆ. ಮರುದಿನದವರೆಗೆ ಅದರ ಬಗ್ಗೆ ಏನೂ ಹೇಳಬಾರದು. ಹಾಳೆಯಾದರೆ ನಾಲ್ಕೂ ಗೋಡೆಗೆ ಒಯ್ಯಬಹುದು. ಪಶ್ಚಿಮದ ಗೋಡೆಯನ್ನು ಮರೆಯಬಾರದು: ಕಿಟಕಿ ಇರುವ ಗೋಡೆಗೆ ಅದೇ ಕಿಟಕಿಯ ಬೆಳಕು ನೇರವಾಗಿ ಬೀಳುವುದಿಲ್ಲ, ಹಾಗಾಗಿ ಒಂದೇ ಬಣ್ಣ ಅಲ್ಲಿ ಎಲ್ಲಕ್ಕಿಂತ ಕಪ್ಪಾಗಿ ಕಾಣುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು ಅಕ್ಕನಿಗೆ ಕಳುಹಿಸಿ ಕೇಳುವುದನ್ನು ಎರಡನೆಯ ದಿನಕ್ಕೇ ಬಿಟ್ಟೆ. ಕ್ಯಾಮೆರಾ ತಾನೇ ಬೆಳಕಿನ ಛಾಯೆಯನ್ನು ತಿದ್ದಿ ಬಿಳಿಯನ್ನು ಬಿಳಿ ಮಾಡಿ ತೋರಿಸುತ್ತದೆ. ನಾನು ಹುಡುಕುತ್ತಿದ್ದ ದೋಷವನ್ನೇ ಅದು ಅಳಿಸಿಬಿಡುತ್ತಿತ್ತು.

ಕಾರ್ಡಿನಲ್ಲಿದ್ದ ಅತಿ ತಿಳಿ ನೀಲಿಯೂ ನನಗೆ ಹೆಚ್ಚೆನಿಸಿತು. ಬಣ್ಣ ಬೆರೆಸುವ ಯಂತ್ರಕ್ಕೆ ಅದೇ ಸೂತ್ರವನ್ನು ಅರ್ಧ ಪ್ರಮಾಣದಲ್ಲಿ, ಕಾಲು ಪ್ರಮಾಣದಲ್ಲಿ ಹಾಕಲು ಬರುತ್ತದೆ ಎಂದು ಅಂಗಡಿಯ ಹುಡುಗ ಹೇಳಿದ. ಇದು ತುಂಬ ಜನರಿಗೆ ಗೊತ್ತಿಲ್ಲ, ಕೇಳಿದರೆ ಮಾಡಿಕೊಡುತ್ತಾರೆ. ಮೂರೂ ಮಾಡಿಸಿ ತಂದೆ. ನೋಟ್‌ಪುಸ್ತಕದಲ್ಲಿ ಬರೆದುಕೊಂಡದ್ದು ಹೀಗಿದೆ:

ಪೂರ್ಣ ಪ್ರಮಾಣ. ಬೆಳಗ್ಗೆ 7: ಉತ್ತರದ ಕಿಟಕಿಯ ಬೆಳಕಿನಲ್ಲಿ ತಣ್ಣಗೆ, ವಾರ್ಡಿನ ಗೋಡೆಯ ಹಾಗೆ. ಸಂಜೆ 5:30: ಬಹಳ ಚೆಂದ. ಅವ್ವ, ಬಲಗಣ್ಣು: "ಪೂರಾ ನೀಲಿ." ಬೇಡ.

ಕಾಲು ಪ್ರಮಾಣ. ಬೆಳಗ್ಗೆ ಚೆಂದ. ಮಧ್ಯಾಹ್ನ 2: ಕಣ್ಣು ಚುಚ್ಚುತ್ತದೆ, ಅವ್ವ ಮುಖ ತಿರುಗಿಸಿದಳು. ಸಂಜೆ: ಕೆಳಗಿನ ಮೂರು ಅಡಿ ಗುಲಾಬಿ.

ಅರ್ಧ ಪ್ರಮಾಣ. ಬೆಳಗ್ಗೆ: ತೊಳೆದ ಬಟ್ಟೆಯ ಬಿಳಿ. ಮಧ್ಯಾಹ್ನ: ತಡೆಯುತ್ತದೆ. ಸಂಜೆ: ಹಾಲಿನ ಬಿಳಿ, ಗುಲಾಬಿ ಇಲ್ಲ. ರಾತ್ರಿ ಟ್ಯೂಬ್‌ಲೈಟ್: ಮತ್ತೆ ತಣ್ಣಗೆ.

ಮಧ್ಯಾಹ್ನದ ಆ ಚುಚ್ಚು ಮುಖ್ಯ. ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ಪ್ರಖರತೆ ಕಷ್ಟ. ಮೇ ತಿಂಗಳ ಬಿಸಿಲು ಒಳಬರುವ ಕೋಣೆಗೆ ಅಪ್ಪಟ ಬಿಳಿ ಕೂಡದು. ಗೋಡೆ ಎಷ್ಟು ಬೆಳಕನ್ನು ಮರಳಿಸುತ್ತದೆ ಎಂಬುದಕ್ಕೆ ಎಲ್‌ಆರ್‌ವಿ ಎಂಬ ಅಳತೆ ಇದೆ: 0 ಎಂದರೆ ಕಡುಗಪ್ಪು, 100 ಎಂದರೆ ಬಿದ್ದದ್ದನ್ನೆಲ್ಲ ಮರಳಿಸುವ ಬಿಳಿ. ಕೆಲವು ಕಂಪನಿಗಳ ಕಾರ್ಡಿನ ಹಿಂದೆ ಇದನ್ನು ಮುದ್ರಿಸಿರುತ್ತಾರೆ. ವಯಸ್ಸಾದವರ ಕೋಣೆಗೆ ಗಾಢ ಬಣ್ಣ ಹಚ್ಚಿದರೆ ಬೆಳಕು ಸಾಲುವುದಿಲ್ಲ ಎಂದು ಮಾತ್ರ ನಾನು ತಿಳಿದಿದ್ದೆ. ಇನ್ನೊಂದು ತುದಿಯೂ ಅಷ್ಟೇ ಕಷ್ಟ ಎಂಬುದನ್ನು ಅವ್ವ ಮುಖ ತಿರುಗಿಸಿದಾಗ ತಿಳಿದೆ.

ಅರ್ಧ ಪ್ರಮಾಣದ ಹಾಳೆಯನ್ನು ಬಲಗಣ್ಣಿನಿಂದ ನೋಡಿ ಅವ್ವ "ನೀಲಿ ಹಾಕಿದ ಸುಣ್ಣ" ಎಂದಳು. ಎಡಗಣ್ಣಿನಿಂದ ನೋಡಿ "ಸುಣ್ಣ" ಎಂದಳು. ಎರಡೂ ಅವಳಿಗೆ ಒಪ್ಪಿಗೆಯಾಗಿದ್ದವು. ರಾತ್ರಿಯ ತಣ್ಣನೆಯ ಛಾಯೆಗೆ ಮದ್ದು ಗೋಡೆಯಲ್ಲಿರಲಿಲ್ಲ, ದೀಪದಲ್ಲಿತ್ತು. ದೀಪದ ಬೆಳಕಿನ ಛಾಯೆಯನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ, ಅಂಕಿ ಹೆಚ್ಚಿದಷ್ಟೂ ನೀಲಿ ಹೆಚ್ಚು. 6500 ಕೆಲ್ವಿನ್‌ನ ಎಲ್‌ಇಡಿ ಟ್ಯೂಬ್ ತೆಗೆದು 4000 ಕೆಲ್ವಿನ್‌ನದು ಹಾಕಿಸಿದೆ. ಅಷ್ಟೇ ಬೆಳಕು, ನೀಲಿ ಕಡಿಮೆ.

ಉಳಿದದ್ದು ಅವ್ವ ಒರಗುವ ಪೂರ್ವದ ಗೋಡೆ. ಅಲ್ಲಿ ಮೂರು ಅಡಿ ಎತ್ತರದವರೆಗೆ ಒರೆಸಿದರೆ ಕಲೆ ಹೋಗುವ, ಸ್ವಲ್ಪ ಹೊಳಪಿನ ಬಣ್ಣವೇ ಬೇಕು. ಅವಳ ಮನಸ್ಸು ಕೆಮ್ಮಣ್ಣಿನ ಮೇಲಿತ್ತು, ಹಳೆಯ ಮನೆಯ ಗೋಡೆಯ ಬುಡಕ್ಕೆ ಬಳಿಯುತ್ತಿದ್ದಂಥದ್ದು. ನನಗೂ ಆಸೆಯಾಯಿತು. ಆದರೆ ಚಾದರದ ಪಾಠ ಮರೆತಿರಲಿಲ್ಲ. ಕೆಂಪು ಕೌದಿಯೊಂದನ್ನು ಆ ಗೋಡೆಗೆ ಮೂರು ಅಡಿ ಎತ್ತರಕ್ಕೆ ತೂಗುಹಾಕಿ ಸಂಜೆಯವರೆಗೆ ಕಾದೆವು. ಇಳಿಬಿಸಿಲು ನೇರವಾಗಿ ಬೀಳುವುದು ಪೂರ್ವದ ಗೋಡೆಗೇ. ಕೌದಿ ಕೆಂಡದಂತೆ ಹೊತ್ತಿತು, ಎದುರಿನ ಗೋಡೆ, ಮೇಲಿನ ಸೂರು ಎಲ್ಲ ಗುಲಾಬಿ. ಅವ್ವ ತಾನೇ "ತೆಗೆದುಬಿಡು" ಎಂದಳು. ಕೊನೆಗೆ ಆ ಮೂರು ಅಡಿಯ ಪಟ್ಟಿಗೆ ಅದೇ ನೀಲಿಯ ಸಾಲಿನಲ್ಲಿ ಮೂರು ಮೆಟ್ಟಿಲು ಕೆಳಗಿನ ಬೂದುನೀಲಿ ಆಯಿತು. ಪಟ್ಟಿಯ ಮೇಲಂಚಿಗೆ ಎರಡು ಇಂಚಿನ ಕೆಮ್ಮಣ್ಣು ಬಣ್ಣದ ಕಾರಣೆ. ಆ ಗೆರೆಗೆ ಕಬ್ಬಿಣದ ಆಕ್ಸೈಡಿನ ಕೆಂಪನ್ನೇ ಕೇಳಿ ತಂದೆ. ಬೇರೆ ಕೆಲವು ಕೆಂಪುಗಳು ಹೊಳೆಯುತ್ತವೆ, ಆದರೆ ಬಿಸಿಲಿಗೆ ಬೇಗ ಬಾಡುತ್ತವೆ. ಬಾದಾಮಿಯ ಬಂಡೆಗಳು ಇಷ್ಟು ಕಾಲದ ಬಿಸಿಲಿನಲ್ಲೂ ಕೆಂಪಾಗಿರುವುದು ಇದೇ ಆಕ್ಸೈಡಿನಿಂದ.

ಲೆಕ್ಕ: ಸುತ್ತಳತೆ 46 ಅಡಿ, ಎತ್ತರ 10, ಒಟ್ಟು 460 ಚದರ ಅಡಿ. ಬಾಗಿಲು ಕಿಟಕಿಗೆ 53, ಪಟ್ಟಿಗೆ 36 ಕಳೆದರೆ 371. ಬೆರೆಸುವ ಬಣ್ಣದ ಬೇಸ್ ಡಬ್ಬಿಗಳಲ್ಲಿ ಬಣ್ಣದ ದ್ರವಕ್ಕೆ ಜಾಗ ಬಿಟ್ಟಿರುತ್ತಾರೆ, ಅದಕ್ಕೇ ಅವು 4 ಮತ್ತು 1 ಲೀಟರಿನ ಬದಲು 3.6 ಮತ್ತು 0.9 ಲೀಟರಿನಲ್ಲಿ ಸಿಗುತ್ತವೆ. ಒಂದು ದೊಡ್ಡದು, ಒಂದು ಸಣ್ಣದು ತಂದು, ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಿದೆವು. ಡಬ್ಬಿಯಿಂದ ಡಬ್ಬಿಗೆ ಎಳೆಯಷ್ಟು ವ್ಯತ್ಯಾಸವಿದ್ದರೂ ಹೀಗೆ ಮಾಡಿದರೆ ಗೋಡೆಯ ನಡುವೆ ಕಾಣುವುದಿಲ್ಲ.

ಹಚ್ಚುವುದನ್ನು ಬೆಳಗ್ಗೆ ಆರಕ್ಕೆ ಶುರು ಮಾಡಿ ಹತ್ತೂವರೆಗೆ ನಿಲ್ಲಿಸಿದೆವು. ಅದಾದ ಮೇಲೆ ಗೋಡೆ ಕಾದು, ರೋಲರ್ ಎಳೆದ ಜಾಗ ಪಕ್ಕದ ಪಟ್ಟೆ ಸೇರುವ ಮುಂಚೆಯೇ ಒಣಗಿ ಜೋಡು ಕಾಣುತ್ತದೆ. ಎರಡನೆಯ ಕೈಯನ್ನು ಮರುದಿನ ಹಚ್ಚಿದೆವು. ಕಾರಣೆಯ ಗೆರೆ ಮಾತ್ರ ಕೈಕೊಟ್ಟಿತು. ಮಾಸ್ಕಿಂಗ್ ಟೇಪ್ ಅಂಟಿಸಿ ಕೆಂಪು ಎಳೆದು, ಚೆನ್ನಾಗಿ ಒಣಗಲಿ ಎಂದು ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಟೇಪಿನ ಜೊತೆ ಬಣ್ಣದ ಸಿಪ್ಪೆಯೂ ಒಂದೂವರೆ ಅಡಿ ಎದ್ದು ಬಂತು, ಇನ್ನೊಂದು ಕಡೆ ಕೆಂಪು ಟೇಪಿನಡಿ ನುಸುಳಿ ಹಲ್ಲು ಹಲ್ಲಾಗಿತ್ತು. ಎದ್ದ ಜಾಗಕ್ಕೆ ತೆಳು ಪುಟ್ಟಿ ಎಳೆದು, 320ರ ಮರಳುಕಾಗದದಿಂದ ಉಜ್ಜಿ, ಪ್ರೈಮರ್ ಕೊಟ್ಟು ಮತ್ತೆ ಬಣ್ಣ ಹಚ್ಚಿದೆವು. ಎರಡನೆಯ ಸಲ ಕಾಕಾ ಹೇಳಿದಂತೆ ಟೇಪಿನ ಅಂಚಿನ ಮೇಲೆ ಮೊದಲು ಗೋಡೆಯ ಬಣ್ಣವನ್ನೇ ಸವರಿದೆ. ನುಸುಳುವುದಿದ್ದರೆ ಅದೇ ನುಸುಳಿ ಸಂದು ಮುಚ್ಚಿಕೊಳ್ಳುತ್ತದೆ. ಅದು ಒಣಗಿದ ಮೇಲೆ ಕೆಂಪು ಎಳೆದು, ಕೆಂಪು ಇನ್ನೂ ಹಸಿಯಿದ್ದಾಗಲೇ ಟೇಪನ್ನು ಓರೆಯಾಗಿ ನಿಧಾನಕ್ಕೆ ಬಿಡಿಸಿದೆ. ಗೆರೆ ಇಳಕಲ್ ಸೀರೆಯ ದಡಿಯಷ್ಟು ನೇರವಾಗಿ ಬಂತು.

ಈಗ ಸಂಜೆ ಐದೂವರೆಗೆ ಅವ್ವ ತನ್ನ ಜಾಗದಲ್ಲಿ ಒರಗಿ ಕೂರುತ್ತಾಳೆ. ನೆಲ ಕೆಂಪಾಗಿ ಉರಿಯುತ್ತದೆ, ಗೋಡೆಗಳು ಬಿಳಿಯಾಗಿಯೇ ಇರುತ್ತವೆ. ಎಡಗಣ್ಣಿನ ಶಸ್ತ್ರಚಿಕಿತ್ಸೆ ಮಳೆಗಾಲ ಕಳೆದ ಮೇಲೆ ಇದೆ. ಆಗ ಎರಡೂ ಕಣ್ಣಿಗೆ ನೀಲಿ ಹೆಚ್ಚು ಕಾಣುತ್ತದೆ. ಉಳಿದ ಬಣ್ಣವನ್ನು ಗಾಜಿನ ಬಾಟಲಿಗೆ ತುಂಬಿ, ಯಂತ್ರದ ಸೂತ್ರದ ಚೀಟಿಯನ್ನು ಅದಕ್ಕೆ ಅಂಟಿಸಿ ಇಟ್ಟಿದ್ದೇನೆ. ಕಾಲು ಪ್ರಮಾಣದ ಹಾಳೆಯೂ ಕಪಾಟಿನ ಹಿಂದಿದೆ. ಅವ್ವ ಅದನ್ನು ಎಸೆಯಲು ಬಿಟ್ಟಿಲ್ಲ.